ಬುಟ್ಟಿ ಹತ್ತು, ಗಾಡಿ ಒಂದೇ

ಮೊಟ್ಟೆಗಳನ್ನೆಲ್ಲ ಒಂದೇ ಬುಟ್ಟಿಯಲ್ಲಿ ಇಡಬೇಡಿ ಎಂಬ ಬುದ್ಧಿಮಾತನ್ನು ಅಮೆರಿಕಕ್ಕೆ ಬಂದ ನಾವೆಲ್ಲರೂ ಕೇಳಿದ್ದೇವೆ. ಬ್ಯಾಂಕಿನವರು ಹೇಳುತ್ತಾರೆ, ವಿಮೆಯವರು ಹೇಳುತ್ತಾರೆ, ಆಫೀಸಿನಲ್ಲಿ ಪಕ್ಕದ ಮೇಜಿನವರೂ ಹೇಳುತ್ತಾರೆ. ಕೇಳಿದ ಮೇಲೆ ನಮ್ಮಲ್ಲಿ ಬಹಳ ಮಂದಿ ಹಾಗೆಯೇ ನಡೆದೂ ಇದ್ದೇವೆ. ಒಂದು ಫಂಡಿನ ಬದಲು ನಾಲ್ಕು ಫಂಡು, ಒಂದು ಕಂಪನಿಯ ಷೇರಿನ ಬದಲು ಹನ್ನೆರಡು ಕಂಪನಿಗಳ ಷೇರು, ಇಲ್ಲೊಂದು ಮನೆ, ಊರಿನಲ್ಲೊಂದು ಫ್ಲಾಟು. ಕಾಗದದ ಮೇಲೆ ಬರೆದರೆ ಪಟ್ಟಿ ಉದ್ದವಾಗಿಯೇ ಕಾಣುತ್ತದೆ. ಮನಸ್ಸಿಗೆ ನೆಮ್ಮದಿಯೂ ಆಗುತ್ತದೆ.

ಆದರೆ ಆ ಬುದ್ಧಿಮಾತು ಅರ್ಧವನ್ನಷ್ಟೇ ಹೇಳುತ್ತದೆ. ಹತ್ತು ಬುಟ್ಟಿಗಳಲ್ಲಿ ಹಂಚಿಟ್ಟ ಮೊಟ್ಟೆಗಳನ್ನು ಒಂದೇ ಎತ್ತಿನಗಾಡಿಗೆ ಹೇರಿಕೊಂಡು ಹೊರಟರೆ, ಗಾಡಿ ಮಗುಚಿದ ದಿನ ಹತ್ತೂ ಬುಟ್ಟಿಗಳ ಗತಿ ಒಂದೇ. ಬುಟ್ಟಿ ಎಷ್ಟಿವೆ ಎಂದು ಎಣಿಸಿದ ಮೇಲೆ, ಅವು ಯಾವ ಯಾವ ಗಾಡಿಯಲ್ಲಿವೆ ಎಂದೂ ನೋಡಬೇಕು. ಹಾಗೆ ನೋಡುವುದಕ್ಕೆ ಲೆಕ್ಕದವರು ಇಟ್ಟಿರುವ ಹೆಸರು ಕೊರಿಲೇಷನ್. ಕನ್ನಡದಲ್ಲಿ ಸಹಸಂಬಂಧ ಎನ್ನೋಣ. ಹೆಸರು ದೊಡ್ಡದಾದರೂ ವಿಷಯ ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಮಕ್ಕಳ ಕಾಲೇಜು, ನಮ್ಮ ನಿವೃತ್ತಿ, ಊರಿನ ತಂದೆತಾಯಿಯರ ಔಷಧೋಪಚಾರ ಇವೆಲ್ಲ ಈ ಹಣವನ್ನೇ ನಂಬಿರುವುದರಿಂದ ಸದಸ್ಯ ಕುಟುಂಬಗಳೊಡನೆ ಇದನ್ನು ಸ್ವಲ್ಪ ನಿಧಾನವಾಗಿ ಮಾತನಾಡಬೇಕೆಂದು ನಮಗೆ ತೋರಿತು.

ಹೊಲ ಕಲಿಸಿದ ಪಾಠ

ಕೋಲಾರ, ತುಮಕೂರು ಕಡೆಯ ರಾಗಿ ಹೊಲ ಕಂಡವರಿಗೆ ಅಕ್ಕಡಿ ಸಾಲು ಎಂದರೆ ಗೊತ್ತು. ರಾಗಿಯ ನಡುನಡುವೆ ಅವರೆ, ತೊಗರಿ, ಹುಚ್ಚೆಳ್ಳು, ಹರಳು ಇವುಗಳ ಸಾಲು ಹಾಕುವ ಪದ್ಧತಿ. ತೊಗರಿಯ ಬೇರು ಆಳಕ್ಕಿಳಿದು ರಾಗಿಗೆ ಎಟುಕದ ತೇವವನ್ನು ಹೀರುತ್ತದೆ. ರಾಗಿ ಕಟಾವಾದ ಮೇಲೂ ಅವರೆ ಇಬ್ಬನಿಯಲ್ಲಿ ಕಾಯಿ ಕಟ್ಟುತ್ತದೆ. ಹರಳು ಬರವನ್ನು ತಾಳಿಕೊಳ್ಳುತ್ತದೆ. ನಡುವೆ ಮಳೆ ಕೈಕೊಟ್ಟು ರಾಗಿ ಬಾಡಿದ ವರ್ಷವೂ ಮನೆಗೆ ಏನಾದರೊಂದು ಬಂದು ಸೇರುತ್ತದೆ.

ಮಲೆನಾಡಿನ ತೋಟದ ಕತೆ ಸ್ವಲ್ಪ ಬೇರೆ. ಅಡಿಕೆ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿದರೆ ಒಂದೇ ಜಾಗದಲ್ಲಿ ಎರಡು ಬೆಳೆ, ಎರಡು ಬೆಲೆ. ಬೆಲೆಯ ಮಟ್ಟಿಗೆ ಇದು ಒಳ್ಳೆಯ ಹಂಚಿಕೆಯೇ ಸರಿ. ಆದರೆ ಮುಂಗಾರು ಬಿಡುವಿಲ್ಲದೆ ಸುರಿದ ವರ್ಷ ಅಡಿಕೆಗೆ ಕೊಳೆರೋಗ, ಮೆಣಸಿಗೆ ಸೊರಗು ರೋಗ. ಎರಡಕ್ಕೂ ಕಾರಣ ಫೈಟಾಫ್ತೊರಾ ಎಂಬ ಒಂದೇ ಕುಲದ ರೋಗಾಣುಗಳು. ಎರಡೂ ಹಬ್ಬುವುದು ಅದೇ ಥಂಡಿಯಲ್ಲಿ. ಬೆಲೆಯ ಎದುರು ಬೇರೆಬೇರೆಯಾಗಿ ನಿಂತ ಎರಡು ಬೆಳೆಗಳು ಮಳೆಯ ಎದುರು ಒಂದೇ ಆಗಿಬಿಡುತ್ತವೆ.

ಹಣ ಹೂಡುವವರು ಕೇಳಿಕೊಳ್ಳಬೇಕಾದ ಪ್ರಶ್ನೆಯೂ ಇದೇ. ನಮ್ಮಲ್ಲಿರುವ ಬೇರೆಬೇರೆ ಹೂಡಿಕೆಗಳು ನಷ್ಟಕ್ಕೆ ಬೀಳುವ ಕಾರಣಗಳೂ ಬೇರೆಬೇರೆಯೇ? ಅಥವಾ ಎಲ್ಲಕ್ಕೂ ಒಂದೇ ಮಳೆ ಸಾಕೇ?

ಒಂದು ಪುಟ್ಟ ಲೆಕ್ಕ

ಈ ಪ್ರಶ್ನೆಗೆ ಲೆಕ್ಕದ ರೂಪ ಕೊಟ್ಟವರು ಹ್ಯಾರಿ ಮಾರ್ಕೊವಿಟ್ಜ್. ೧೯೫೨ರಲ್ಲಿ, ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ‘ಜರ್ನಲ್ ಆಫ್ ಫೈನಾನ್ಸ್’ ಪತ್ರಿಕೆಯಲ್ಲಿ ಅವರು ಬರೆದ ಒಂದು ಲೇಖನ ಹೂಡಿಕೆಯ ಶಾಸ್ತ್ರವನ್ನೇ ಬದಲಿಸಿತು. ಅದಕ್ಕಾಗಿ ೧೯೯೦ರಲ್ಲಿ ನೊಬೆಲ್ ಪ್ರಶಸ್ತಿಯೂ ಬಂತು. ಅವರ ಮಾತಿನ ತಿರುಳು ಇಷ್ಟೆ: ಒಂದು ಷೇರು ತಾನೊಂದೇ ಎಷ್ಟು ಅಪಾಯಕರ ಎಂದು ಕೇಳಿದರೆ ಸಾಲದು, ಅದು ಈಗಾಗಲೇ ನಮ್ಮಲ್ಲಿರುವ ಷೇರುಗಳ ಜೊತೆ ಹೇಗೆ ನಡೆದುಕೊಳ್ಳುತ್ತದೆ ಎಂದು ಕೇಳಬೇಕು.

ಅಂಕಿಗಳನ್ನಿಟ್ಟು ನೋಡೋಣ. ಇವು ಉದಾಹರಣೆಗಾಗಿ ನಾವೇ ಬರೆದುಕೊಂಡ ಅಂಕಿಗಳು. ‘ಅ’, ‘ಆ’, ‘ಇ’ ಎಂಬ ಮೂರು ಷೇರುಗಳು ನಾಲ್ಕು ವರ್ಷಗಳಲ್ಲಿ ಕೊಟ್ಟ ಲಾಭ ನಷ್ಟ, ಶೇಕಡಾ ಲೆಕ್ಕದಲ್ಲಿ, ಹೀಗಿದೆ ಎಂದುಕೊಳ್ಳಿ:

ಷೇರು ‘ಅ’ : +೨೦, –೧೦, +೧೦, ೦
ಷೇರು ‘ಆ’ : +೧೨, –೪, +೮, ೦
ಷೇರು ‘ಇ’ : +೮, +೧೨, ೦, –೪

ಎರಡನೆಯ ಮತ್ತು ಮೂರನೆಯ ಸಾಲುಗಳನ್ನು ಗಮನಿಸಿ. ಎರಡರಲ್ಲೂ ಇರುವುದು ಅದೇ ನಾಲ್ಕು ಅಂಕಿಗಳು. ಸರದಿ ಮಾತ್ರ ಬೇರೆ. ಎರಡರ ಸರಾಸರಿಯೂ ಶೇಕಡಾ ೪. ಒಂಟಿಯಾಗಿ ನೋಡಿದರೆ ‘ಆ’ಗೂ ‘ಇ’ಗೂ ಎಳ್ಳಷ್ಟೂ ವ್ಯತ್ಯಾಸವಿಲ್ಲ.

ಈಗ ‘ಅ’ ಷೇರು ಇರುವವರೊಬ್ಬರು ತಮ್ಮ ಹಣದ ಅರ್ಧವನ್ನು ಇನ್ನೊಂದಕ್ಕೆ ಹಾಕಬೇಕೆಂದಿದ್ದಾರೆ. ಪ್ರತಿ ವರ್ಷವೂ ಅರ್ಧರ್ಧ ಇರುವಂತೆ ನೋಡಿಕೊಂಡರೆ ಫಲ ಹೀಗೆ:

‘ಅ’ ಮತ್ತು ‘ಆ’ : +೧೬, –೭, +೯, ೦
‘ಅ’ ಮತ್ತು ‘ಇ’ : +೧೪, +೧, +೫, –೨

ಎರಡು ಜೋಡಿಗಳ ಸರಾಸರಿಯೂ ಶೇಕಡಾ ೪.೫. ಆದರೆ ಮೊದಲ ಜೋಡಿಯವರು ಒಂದು ವರ್ಷ ನೂರಕ್ಕೆ ಏಳು ಕಳೆದುಕೊಂಡರು. ಎರಡನೆಯವರ ಅತಿ ಕೆಟ್ಟ ವರ್ಷದಲ್ಲೂ ಹೋದದ್ದು ಎರಡೇ. ಲಾಭವನ್ನು ಬಿಟ್ಟುಕೊಡದೆ ಏರುಪೇರು ಮಾತ್ರ ಇಳಿಯಿತು. ‘ಆ’ ಷೇರು ‘ಅ’ ಏರಿದಾಗ ಏರಿ, ಇಳಿದಾಗ ಇಳಿಯಿತು. ‘ಇ’ ತನ್ನ ಪಾಡಿಗೆ ತಾನು ನಡೆಯಿತು. ಕಾರಣ ಅಷ್ಟೆ.

ಈ ಜೊತೆ ನಡಿಗೆಯನ್ನು ಒಂದೇ ಅಂಕಿಯಲ್ಲಿ ಹೇಳುವುದು ಸಹಸಂಬಂಧ. ಅದು +೧ರಿಂದ –೧ರ ವರೆಗೆ ಎಲ್ಲಾದರೂ ಇರಬಹುದು. +೧ ಎಂದರೆ ಒಂದೇ ನೊಗಕ್ಕೆ ಕಟ್ಟಿದ ಜೋಡೆತ್ತು; ಸೊನ್ನೆ ಎಂದರೆ ಒಂದರ ನಡೆ ನೋಡಿ ಇನ್ನೊಂದರ ನಡೆ ಊಹಿಸಲಾಗದು; –೧ ಎಂದರೆ ಬಾವಿಯ ರಾಟೆಗೆ ಕಟ್ಟಿದ ಎರಡು ಕೊಡ, ಒಂದು ಏರಿದರೆ ಇನ್ನೊಂದು ಇಳಿಯಲೇಬೇಕು. ಮೇಲಿನ ಲೆಕ್ಕದಲ್ಲಿ ‘ಅ’ ಮತ್ತು ‘ಆ’ ನಡುವೆ ಸಹಸಂಬಂಧ +೦.೯೯, ‘ಅ’ ಮತ್ತು ‘ಇ’ ನಡುವೆ –೦.೧೪. ಇದನ್ನು ಕೈಯಲ್ಲಿ ಗುಣಿಸುತ್ತ ಕೂರಬೇಕಿಲ್ಲ. ಮಕ್ಕಳು ಶಾಲೆಯ ಪಾಠಕ್ಕೆ ಬಳಸುವ ಸ್ಪ್ರೆಡ್‌ಶೀಟಿನಲ್ಲಿ ಎರಡು ಷೇರುಗಳ ತಿಂಗಳ ಲಾಭ ನಷ್ಟವನ್ನು ಎರಡು ಸಾಲಾಗಿ ಬರೆದರೆ ಯಂತ್ರವೇ ಹೇಳುತ್ತದೆ. ಒಂದು ಎಚ್ಚರಿಕೆ: ಬರೆಯಬೇಕಾದದ್ದು ಶೇಕಡಾ ಏರಿಳಿತವನ್ನು, ಷೇರಿನ ಬೆಲೆಯನ್ನಲ್ಲ. ವರ್ಷಗಟ್ಟಲೆ ಮೇಲಕ್ಕೇ ಹೋದ ಯಾವ ಎರಡು ಬೆಲೆಗಳನ್ನು ಪಕ್ಕಪಕ್ಕ ಇಟ್ಟರೂ ಅಣ್ಣತಮ್ಮಂದಿರಂತೆ ಕಾಣುತ್ತವೆ.

ಇಲ್ಲೊಂದು ತಪ್ಪು ತಿಳುವಳಿಕೆ ಬೇಡ. ಸಹಸಂಬಂಧ ಕಡಿಮೆ ಎಂದರೆ ಒಂದರಲ್ಲಿ ಲಾಭ ಬಂದಾಗ ಇನ್ನೊಂದರಲ್ಲಿ ನಷ್ಟವಾಗಬೇಕು ಎಂದು ಅರ್ಥವಲ್ಲ. ಎರಡೂ ಹತ್ತು ವರ್ಷಗಳಲ್ಲಿ ಚೆನ್ನಾಗಿ ಬೆಳೆಯಬಹುದು. ಅವುಗಳ ಒಳ್ಳೆಯ ವರ್ಷ ಕೆಟ್ಟ ವರ್ಷಗಳು ಬೇರೆಬೇರೆ ಕಾಲಕ್ಕೆ ಬಂದರೆ ಸಾಕು.

ಎಷ್ಟು ಷೇರು ಇದ್ದರೆ ಸಾಕು?

ಇದು ಎಲ್ಲರೂ ಕೇಳುವ ಪ್ರಶ್ನೆ. ಒಂದೊಂದು ಷೇರೂ ವರ್ಷಕ್ಕೆ ತನ್ನ ಸರಾಸರಿಯಿಂದ ಶೇಕಡಾ ೩೦ರಷ್ಟು ಅತ್ತಿತ್ತ ಓಲಾಡುತ್ತದೆ ಎನ್ನೋಣ. ಬೇರೆಬೇರೆ ಉದ್ಯಮದ ಷೇರುಗಳಾಗಿದ್ದು, ಯಾವ ಎರಡನ್ನು ತೆಗೆದುಕೊಂಡರೂ ಸಹಸಂಬಂಧ ೦.೩ ಇದ್ದರೆ, ಸಮನಾಗಿ ಹಂಚಿದ ಗಂಟಿನ ಓಲಾಟ ಹೀಗೆ ಇಳಿಯುತ್ತದೆ: ಒಂದು ಷೇರಿಗೆ ೩೦, ಎರಡಕ್ಕೆ ೨೪, ಐದಕ್ಕೆ ೨೦, ಹತ್ತಕ್ಕೆ ೧೮, ನೂರಕ್ಕೆ ೧೬.೬. ಮೊದಲ ಹತ್ತು ಷೇರುಗಳು ಮಾಡುವಷ್ಟು ಉಪಕಾರವನ್ನು ಮುಂದಿನ ತೊಂಬತ್ತು ಮಾಡಲಾರವು. ಸಾವಿರ ಷೇರು ಕೊಂಡರೂ ಅದು ೧೬.೪ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಉಳಿದದ್ದು ಇಡೀ ಪೇಟೆಯ ಓಲಾಟ. ಅದನ್ನು ಷೇರುಗಳ ಸಂಖ್ಯೆಯಿಂದ ತೊಳೆಯಲು ಬರುವುದಿಲ್ಲ.

ಈಗ ಎಲ್ಲವೂ ಒಂದೇ ಉದ್ಯಮದ ಷೇರುಗಳು, ಸಹಸಂಬಂಧ ೦.೭ ಎನ್ನೋಣ. ಆಗ ನೂರು ಷೇರುಗಳ ಗಂಟಿನ ಓಲಾಟ ಸುಮಾರು ೨೫. ಅಂದರೆ ಒಂದೇ ಉದ್ಯಮದ ನೂರು ಷೇರುಗಳಿಗಿಂತ, ಬೇರೆಬೇರೆ ಉದ್ಯಮದ ಎರಡೇ ಎರಡು ಷೇರುಗಳು ಹೆಚ್ಚು ಸಮಾಧಾನ ಕೊಡುತ್ತವೆ! ಬುಟ್ಟಿ ಎಣಿಸುವವರು ಈ ಒಂದು ಅಂಕಿಯನ್ನು ನೆನಪಿನಲ್ಲಿಟ್ಟುಕೊಂಡರೆ ಸಾಕು.

ಫಂಡುಗಳಿಗೂ ಇದೇ ಮಾತು. ಎಸ್ ಅಂಡ್ ಪಿ ೫೦೦ ಎಂದರೆ ಐನೂರು ಕಂಪನಿಗಳು ಎಂದು ನಾವು ಧೈರ್ಯವಾಗಿರುತ್ತೇವೆ. ೨೦೨೪ರ ಕೊನೆಯ ಹೊತ್ತಿಗೆ ಅದರ ತೂಕದ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಮೊದಲ ಹತ್ತು ಕಂಪನಿಗಳಲ್ಲೇ ಇತ್ತು. ಅವುಗಳಲ್ಲಿ ಬಹುಪಾಲು ಕಂಪ್ಯೂಟರು, ಚಿಪ್ಪು, ಅಂತರಜಾಲ ಇವುಗಳ ವ್ಯಾಪಾರದವು. ಅದರ ಜೊತೆಗೆ ಒಂದು ನ್ಯಾಸ್‌ಡಾಕ್ ಫಂಡು, ಒಂದು ‘ಗ್ರೋತ್’ ಫಂಡು ಕೊಂಡರೆ, ಮೂರು ಹೆಸರಿನಲ್ಲಿ ಅದೇ ಕಂಪನಿಗಳನ್ನು ಮೂರು ಸಲ ಕೊಂಡಂತೆ. ಸಾರಿಗೆ ಹುಳಿ ಎಂದೂ ಕೂಟು ಎಂದೂ ಹೆಸರಿಟ್ಟರೆ ಬೇಳೆ ಬದಲಾಗುತ್ತದೆಯೇ?

ನಮ್ಮ ಗಾಡಿ ಯಾವುದು?

ನಿಜವಾದ ವಿಷಯ ಇಲ್ಲಿದೆ. ಪುಸ್ತಕಗಳು ಷೇರು ಮತ್ತು ಬಾಂಡುಗಳ ಸಹಸಂಬಂಧವನ್ನಷ್ಟೇ ಹೇಳುತ್ತವೆ. ಆದರೆ ಒಂದು ಕುಟುಂಬದ ಆಸ್ತಿಯಲ್ಲಿ ಅತಿ ದೊಡ್ಡದು ಷೇರಲ್ಲ, ಮನೆಯೂ ಅಲ್ಲ. ಮುಂದಿನ ಇಪ್ಪತ್ತು ವರ್ಷ ಬರಬೇಕಾದ ಸಂಬಳ.

ಒಂದು ಕಲ್ಪಿತ ಕುಟುಂಬವನ್ನು ತೆಗೆದುಕೊಳ್ಳೋಣ. ಯಜಮಾನರು ಕ್ಯಾಲಿಫೋರ್ನಿಯಾದ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ, ಯಜಮಾನತಿ ಒಂದು ಚಿಪ್ ಕಂಪನಿಯಲ್ಲಿ. ಸಂಬಳದ ಜೊತೆ ಇಬ್ಬರಿಗೂ ಕಂಪನಿಯ ಷೇರು ಬರುತ್ತದೆ. ಮಾರಲು ಮನಸ್ಸಿಲ್ಲದೆ ಹಾಗೆಯೇ ಇಟ್ಟಿದ್ದಾರೆ. ೪೦೧ ಕೆ ಖಾತೆಯ ಹಣ ಗ್ರೋತ್ ಫಂಡಿನಲ್ಲಿದೆ. ಬೇರೊಂದು ಖಾತೆಯಲ್ಲಿ ನ್ಯಾಸ್‌ಡಾಕ್ ಫಂಡು. ಸಿಲಿಕಾನ್ ಕಣಿವೆಯಲ್ಲಿ ಸಾಲ ಮಾಡಿ ಕೊಂಡ ಮನೆ. ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿ ಒಂದು ಫ್ಲಾಟು, ಅದರಲ್ಲಿ ಬಾಡಿಗೆಗಿರುವವರು ಸಾಫ್ಟ್‌ವೇರ್ ನೌಕರರು. ಭಾರತದ ಷೇರುಪೇಟೆಯಲ್ಲಿ ಒಂದಿಷ್ಟು ಹೂಡಿಕೆ, ಗೊತ್ತಿರುವ ಹೆಸರುಗಳೆಂದು ಅದೂ ಅಲ್ಲಿಯ ಸಾಫ್ಟ್‌ವೇರ್ ಕಂಪನಿಗಳಲ್ಲಿ. ಎಣಿಸಿದರೆ ಬುಟ್ಟಿ ಒಂಬತ್ತು ಹತ್ತು, ದೇಶ ಎರಡು, ನಾಣ್ಯ ಎರಡು. ಗಾಡಿ ಮಾತ್ರ ಒಂದೇ. ಅಮೆರಿಕದ ಕಂಪನಿಗಳು ಕಂಪ್ಯೂಟರಿನ ಕೆಲಸಕ್ಕೆ ಖರ್ಚು ಮಾಡುವುದನ್ನು ನಿಲ್ಲಿಸಿದ ವರ್ಷ ಇವೆಲ್ಲವೂ ಒಟ್ಟಿಗೆ ಕುಸಿಯುತ್ತವೆ. ಬೆಂಗಳೂರಿನ ಬಾಡಿಗೆಗೂ ಅದರ ಬಿಸಿ ತಟ್ಟುತ್ತದೆ.

ಇದು ಬರೀ ಊಹೆಯಲ್ಲ. ನ್ಯಾಸ್‌ಡಾಕ್ ಸೂಚ್ಯಂಕ ೨೦೦೦ದ ಮಾರ್ಚಿಯಲ್ಲಿ ೫,೦೪೮ ಇದ್ದದ್ದು ೨೦೦೨ರ ಅಕ್ಟೋಬರಿನಲ್ಲಿ ೧,೧೧೪ಕ್ಕೆ ಬಂತು. ನೂರಕ್ಕೆ ಎಪ್ಪತ್ತೆಂಟು ಹೋಯಿತು. ಹಳೆಯ ಎತ್ತರವನ್ನು ಮತ್ತೆ ಮುಟ್ಟಿದ್ದು ೨೦೧೫ರಲ್ಲಿ. ೨೦೨೨ರಲ್ಲಿ ಮೆಟಾ ಕಂಪನಿಯ ಷೇರು ವರ್ಷದೊಳಗೆ ಶೇಕಡಾ ೬೪ರಷ್ಟು ಬಿತ್ತು. ಅದೇ ವರ್ಷದ ನವೆಂಬರಿನಲ್ಲಿ ಆ ಕಂಪನಿ ಹನ್ನೊಂದು ಸಾವಿರಕ್ಕೂ ಹೆಚ್ಚು ಜನರನ್ನು ಕೆಲಸದಿಂದ ತೆಗೆಯಿತು. ಕೆಲಸ ಹೋದದ್ದೂ ಉಳಿತಾಯ ಕರಗಿದ್ದೂ ಒಂದೇ ಕಾಲಕ್ಕೆ.

ಎಚ್-೧ಬಿ ವೀಸಾದಲ್ಲಿರುವ ಕುಟುಂಬಕ್ಕೆ ಇದರ ಮೇಲೆ ಇನ್ನೊಂದು ಹೊರೆ. ೨೦೧೭ರ ಜನವರಿಯಲ್ಲಿ ಜಾರಿಗೆ ಬಂದ ನಿಯಮದಂತೆ, ಕೆಲಸ ಹೋದ ಮೇಲೆ ಬೇರೆ ದಾರಿ ನೋಡಿಕೊಳ್ಳಲು ಸಿಗುವ ಕಾಲ ಹೆಚ್ಚೆಂದರೆ ಅರವತ್ತು ದಿನ. ಷೇರು ನೆಲಕಚ್ಚಿರುವಾಗ ಮಾರುವಂತಿಲ್ಲ, ಮನೆ ಕೊಳ್ಳುವವರಿಲ್ಲ, ಹೊಸ ಕೆಲಸ ಕೊಡುವವರೂ ಕೈಕಟ್ಟಿ ಕುಳಿತಿದ್ದಾರೆ. ಸಹಸಂಬಂಧ ಎಂಬ ಒಣ ಶಬ್ದದ ಅರ್ಥ ಆ ಅರವತ್ತು ದಿನಗಳಲ್ಲಿ ಗೊತ್ತಾಗುತ್ತದೆ.

ಕಂಪನಿಯ ಷೇರನ್ನೇ ನಂಬಿ ಕೆಟ್ಟವರ ಕತೆಯಲ್ಲಿ ಎನ್ರಾನ್‌ನದು ದೊಡ್ಡದು. ೨೦೦೦ದ ಆಗಸ್ಟಿನಲ್ಲಿ ತೊಂಬತ್ತು ಡಾಲರಿನಷ್ಟಿದ್ದ ಆ ಷೇರು, ೨೦೦೧ರ ಡಿಸೆಂಬರ್ ೨ರಂದು ಕಂಪನಿ ದಿವಾಳಿ ಅರ್ಜಿ ಹಾಕುವ ಹೊತ್ತಿಗೆ ಒಂದು ಡಾಲರಿಗಿಂತ ಕೆಳಗಿತ್ತು. ನೌಕರರ ೪೦೧ ಕೆ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಆ ಷೇರಿನಲ್ಲೇ ಇತ್ತು. ಸಾವಿರಾರು ಮಂದಿಗೆ ಕೆಲಸವೂ ನಿವೃತ್ತಿಯ ಹಣವೂ ಹೋದವು. ಆಮೇಲೆ ೨೦೦೬ರ ಪಿಂಚಣಿ ರಕ್ಷಣಾ ಕಾನೂನು, ಇಂಥ ಖಾತೆಗಳಿಂದ ಕಂಪನಿಯ ಷೇರನ್ನು ಬೇರೆಡೆಗೆ ಬದಲಿಸಿಕೊಳ್ಳುವ ಹಕ್ಕನ್ನು ನೌಕರರಿಗೆ ಕೊಟ್ಟಿತು. ಹಕ್ಕು ಇರುವುದು ಬೇರೆ, ಬಳಸುವುದು ಬೇರೆ.

ಎಲ್ಲವೂ ಒಟ್ಟಿಗೆ ಬಿದ್ದಾಗ

ಸಹಸಂಬಂಧದ ಅಂಕಿಯನ್ನು ಶಿಲಾಶಾಸನವೆಂದು ತಿಳಿಯಬಾರದು. ಅದು ಹಿಂದೆ ನಡೆದದ್ದರ ಸರಾಸರಿ. ಸುಖದ ದಿನಗಳಲ್ಲಿ ಬೇರೆಬೇರೆಯಾಗಿ ಓಡಾಡುವ ಷೇರುಗಳು, ಬೆಂಕಿ ಎಂದು ಯಾರಾದರೂ ಕೂಗಿದೊಡನೆ ಒಂದೇ ಬಾಗಿಲಿಗೆ ನುಗ್ಗುತ್ತವೆ.

೨೦೦೮ರಲ್ಲಿ ಆದದ್ದು ಅದೇ. ಅಮೆರಿಕದ ಎಸ್ ಅಂಡ್ ಪಿ ೫೦೦ ಆ ವರ್ಷ ಶೇಕಡಾ ೩೭ ಕಳೆದುಕೊಂಡಿತು. ಹೊರದೇಶದ ಷೇರು ರಕ್ಷಿಸುತ್ತದೆ ಎಂದುಕೊಂಡವರಿಗೆ ಯುರೋಪು, ಜಪಾನುಗಳ ಪೇಟೆ ಸೇರಿ ಡಾಲರಿನಲ್ಲಿ ಶೇಕಡಾ ೪೩ರಷ್ಟು ನಷ್ಟ. ಮುಂಬಯಿಯ ಸೆನ್ಸೆಕ್ಸ್ ವರ್ಷದ ಆರಂಭದಲ್ಲಿ ೨೦,೦೦೦ದ ಮೇಲಿದ್ದದ್ದು ಕೊನೆಗೆ ೯,೬೪೭ಕ್ಕೆ ನಿಂತಿತು. ಆ ಹಿಡಿಯಲ್ಲಿ ನಿಂತದ್ದು ಅಮೆರಿಕ ಸರ್ಕಾರದ ಬಾಂಡು. ಷೇರುಗಳಿಂದ ಓಡಿದ ಹಣವೆಲ್ಲ ಅಲ್ಲಿಗೇ ಬಂದು, ದೀರ್ಘಾವಧಿಯ ಸರ್ಕಾರಿ ಬಾಂಡುಗಳು ಶೇಕಡಾ ಇಪ್ಪತ್ತಕ್ಕೂ ಹೆಚ್ಚು ಏರಿದವು.

ಹಾಗಾದರೆ ಷೇರು ಮತ್ತು ಬಾಂಡು ಎಂದೆಂದಿಗೂ ಎದುರುಬದುರೇ? ೨೦೨೨ ಅದಕ್ಕೆ ಉತ್ತರ ಕೊಟ್ಟಿತು. ಬೆಲೆಯೇರಿಕೆ ಆ ವರ್ಷದ ಜೂನಿನಲ್ಲಿ ಶೇಕಡಾ ೯.೧ಕ್ಕೆ ಮುಟ್ಟಿತ್ತು. ಫೆಡರಲ್ ರಿಸರ್ವ್ ಸೊನ್ನೆಯ ಹತ್ತಿರವಿದ್ದ ಬಡ್ಡಿದರವನ್ನು ಡಿಸೆಂಬರಿನೊಳಗೆ ಶೇಕಡಾ ನಾಲ್ಕರ ಮೇಲಕ್ಕೆ ಏರಿಸಿತು. ಬಡ್ಡಿ ಏರಿದರೆ ಹಳೆಯ ಬಾಂಡಿನ ಬೆಲೆ ಇಳಿಯುತ್ತದೆ. ಷೇರಿಗೂ ಅದೇ ಪೆಟ್ಟು. ಎಸ್ ಅಂಡ್ ಪಿ ೫೦೦ ಶೇಕಡಾ ೧೮, ಅಮೆರಿಕದ ಬಾಂಡುಗಳ ಒಟ್ಟು ಸೂಚ್ಯಂಕ ಶೇಕಡಾ ೧೩ ಬಿದ್ದವು. ೨೦೦೮ರ ಭಯ ವ್ಯಾಪಾರ ಕುಸಿತದ್ದು, ಅದಕ್ಕೆ ಬಾಂಡು ಔಷಧಿ. ೨೦೨೨ರ ಭಯ ಬೆಲೆಯೇರಿಕೆಯದು, ಅದಕ್ಕೆ ದೀರ್ಘಾವಧಿಯ ಬಾಂಡು ಔಷಧಿಯಾಗಲಿಲ್ಲ. ಕೆಲವೇ ತಿಂಗಳ ಅವಧಿಯ ಸರ್ಕಾರಿ ಬಿಲ್ಲು ಮತ್ತು ಬ್ಯಾಂಕಿನ ಹಣ ಮಾತ್ರ ಡಾಲರ್ ಲೆಕ್ಕದಲ್ಲಿ ಕರಗದೆ ನಿಂತವು.

ಅಂಕಿಯನ್ನು ಅತಿಯಾಗಿ ನಂಬಿದರೆ ಪಂಡಿತರಿಗೂ ಉಳಿವಿಲ್ಲ. ೧೯೯೭ರಲ್ಲಿ ನೊಬೆಲ್ ಪಡೆದ ರಾಬರ್ಟ್ ಮರ್ಟನ್ ಮತ್ತು ಮೈರನ್ ಶೋಲ್ಸ್ ಪಾಲುದಾರರಾಗಿದ್ದ ಲಾಂಗ್ ಟರ್ಮ್ ಕ್ಯಾಪಿಟಲ್ ಮ್ಯಾನೇಜ್‌ಮೆಂಟ್ ಎಂಬ ಸಂಸ್ಥೆ, ಒಂದಕ್ಕೊಂದು ಸಂಬಂಧವಿಲ್ಲವೆಂದು ತಿಳಿದಿದ್ದ ನೂರಾರು ವಹಿವಾಟುಗಳನ್ನು ಸಾಲದ ಹಣದಲ್ಲಿ ನಡೆಸುತ್ತಿತ್ತು. ೧೯೯೮ರ ಆಗಸ್ಟಿನಲ್ಲಿ ರಷ್ಯಾ ತನ್ನ ಸಾಲ ತೀರಿಸದೆ ಕೈಚೆಲ್ಲಿದಾಗ ಅವೆಲ್ಲವೂ ಒಂದೇ ದಿಕ್ಕಿಗೆ ವಾಲಿದವು. ನ್ಯೂಯಾರ್ಕಿನ ಫೆಡರಲ್ ರಿಸರ್ವ್ ಬ್ಯಾಂಕ್ ನಡುವೆ ನಿಂತು, ಹದಿನಾಲ್ಕು ಹಣಕಾಸು ಸಂಸ್ಥೆಗಳು ಸೇರಿ ೩೬೦ ಕೋಟಿ ಡಾಲರ್ ಹಾಕಿ ಅದನ್ನು ಎತ್ತಿಹಿಡಿಯಬೇಕಾಯಿತು. ಸಹಸಂಬಂಧದ ಲೆಕ್ಕದ ಮೇಲೆ ಸಾಲದ ಹೊರೆ ಹೇರಬಾರದು ಎಂಬುದು ಇದರ ನೀತಿ.

ಊರಿನ ಹಣ, ಮನೆಯ ಚಿನ್ನ

ಇಷ್ಟು ಕೇಳಿದ ಮೇಲೆ ಹೊರದೇಶದ ಷೇರು ದಂಡ ಎನಿಸಬಹುದು. ಹಾಗಲ್ಲ. ಬಿದ್ದ ತಿಂಗಳಲ್ಲಿ ಎಲ್ಲವೂ ಒಂದಾಗಿ ಕಂಡರೂ ಹತ್ತು ವರ್ಷದ ನಡೆ ಬೇರೆಯೇ ಇರುತ್ತದೆ. ೨೦೦೦ದಿಂದ ೨೦೦೯ರ ವರೆಗಿನ ಹತ್ತು ವರ್ಷ ಎಸ್ ಅಂಡ್ ಪಿ ೫೦೦ನಲ್ಲಿ ಹಣವಿಟ್ಟವರಿಗೆ ಡಿವಿಡೆಂಡ್ ಸೇರಿಸಿದರೂ ಅಸಲು ಪೂರ್ತಿ ಉಳಿಯಲಿಲ್ಲ. ಅದೇ ಹತ್ತು ವರ್ಷದಲ್ಲಿ ಸೆನ್ಸೆಕ್ಸ್ ೫,೦೦೦ದ ಹತ್ತಿರದಿಂದ ೧೭,೦೦೦ ದಾಟಿತು. ಅಲ್ಪಕಾಲದ ಬಿರುಗಾಳಿಗೆ ಬಾಂಡು ಮತ್ತು ಕೈಹಣ. ದೀರ್ಘಕಾಲದ ಬರಕ್ಕೆ ಬೇರೆ ದೇಶದ ಬೆಳೆ. ಎರಡೂ ಬೇಕು.

ಆದರೆ ಭಾರತದ ಹೂಡಿಕೆಗೆ ರೂಪಾಯಿ ಎಂಬ ಇನ್ನೊಂದು ಕೊಂಡಿ ಇದೆ. ಪ್ರಪಂಚದಲ್ಲಿ ಭಯ ಹುಟ್ಟಿದಾಗ ಹೊರದೇಶದವರು ಅಲ್ಲಿಯ ಷೇರು ಮಾರಿ ಡಾಲರ್ ಕೊಂಡು ಹೊರಡುತ್ತಾರೆ. ಷೇರೂ ರೂಪಾಯಿಯೂ ಜೊತೆಗೇ ಬೀಳುತ್ತವೆ. ೨೦೦೮ರ ಆರಂಭದಲ್ಲಿ ಡಾಲರಿಗೆ ೩೯ ರೂಪಾಯಿ ಚಿಲ್ಲರೆ ಇದ್ದದ್ದು ವರ್ಷದ ಕೊನೆಗೆ ೪೮ ದಾಟಿತ್ತು. ಸೆನ್ಸೆಕ್ಸಿನಲ್ಲಿ ನೂರು ಡಾಲರ್ ಇಟ್ಟಿದ್ದವರಿಗೆ ಡಾಲರ್ ಲೆಕ್ಕದಲ್ಲಿ ಉಳಿದದ್ದು ನಲವತ್ತಕ್ಕಿಂತ ಕಡಿಮೆ. ನಿವೃತ್ತಿಯ ನಂತರ ಮೈಸೂರಿನಲ್ಲೋ ಧಾರವಾಡದಲ್ಲೋ ಇರಬೇಕೆಂದಿರುವವರ ಖರ್ಚು ರೂಪಾಯಿಯಲ್ಲೇ ಇರುವುದರಿಂದ ಅವರಿಗೆ ಇದು ಅಷ್ಟು ಬಾಧಿಸದು. ಮಕ್ಕಳ ಕಾಲೇಜು ಶುಲ್ಕವನ್ನು ಡಾಲರಿನಲ್ಲಿ ಕಟ್ಟಬೇಕಾದವರಿಗೆ ಬಾಧಿಸುತ್ತದೆ. ಹಣ ಯಾವ ನಾಣ್ಯದಲ್ಲಿ ಖರ್ಚಾಗುತ್ತದೆ ಎಂಬುದನ್ನು ಮೊದಲು ತೀರ್ಮಾನಿಸಿಕೊಳ್ಳಬೇಕು.

ಇನ್ನೊಂದು ವ್ಯವಹಾರದ ಮಾತು. ಅಮೆರಿಕದಲ್ಲಿ ತೆರಿಗೆ ಕಟ್ಟುವವರು ಭಾರತದ ಮ್ಯೂಚುಯಲ್ ಫಂಡ್ ಕೊಂಡರೆ, ಇಲ್ಲಿಯ ಕಾನೂನು ಅದನ್ನು ಪಿ.ಎಫ್.ಐ.ಸಿ. ಎಂಬ ವರ್ಗಕ್ಕೆ ಸೇರಿಸಿ ಭಾರವಾದ ತೆರಿಗೆಯನ್ನೂ ೮೬೨೧ ಎಂಬ ಫಾರಮ್ಮಿನ ಕಾಟವನ್ನೂ ಹೇರುತ್ತದೆ. ಭಾರತದ ಷೇರುಗಳಲ್ಲಿ ಹೂಡುವ ಅಮೆರಿಕದ ಫಂಡುಗಳೇ ಇವೆ. ಅವಕ್ಕೆ ಈ ತೊಡಕಿಲ್ಲ. ಕೊಳ್ಳುವ ಮೊದಲು ತೆರಿಗೆ ಬಲ್ಲವರನ್ನು ಕೇಳುವುದು ಒಳ್ಳೆಯದು.

ಚಿನ್ನದ ಮಾತು ಬಿಡುವಂತಿಲ್ಲ. ಷೇರಿನೊಡನೆ ಚಿನ್ನದ ಸಹಸಂಬಂಧ ಕಡಿಮೆ. ೨೦೦೮ರಲ್ಲೂ ಅದು ಡಾಲರಿನಲ್ಲಿ ಸ್ವಲ್ಪ ಏರಿಯೇ ಇತ್ತು. ಆದರೆ ೧೯೮೦ರ ಜನವರಿಯಲ್ಲಿ ಔನ್ಸಿಗೆ ೮೫೦ ಡಾಲರ್ ಮುಟ್ಟಿದ ಚಿನ್ನ, ಮತ್ತೆ ಆ ಬೆಲೆ ಕಂಡದ್ದು ೨೦೦೮ರ ಜನವರಿಯಲ್ಲಿ. ಇಪ್ಪತ್ತೆಂಟು ವರ್ಷ! ಜೊತೆಗೆ ನಡೆಯದ ಎತ್ತು ಎಂದಮಾತ್ರಕ್ಕೆ ಅದು ಹೊಲ ಉಳುತ್ತದೆ ಎಂದಲ್ಲ. ಸ್ವಲ್ಪ ಇರಲಿ. ಮನೆಯಲ್ಲಿರುವ ಒಡವೆಯನ್ನಂತೂ ಈ ಲೆಕ್ಕಕ್ಕೆ ತರುವುದು ಬೇಡ. ಅದನ್ನು ಮಾರುವವರು ಯಾರು?

ಏನು ಮಾಡಬಹುದು

ಒಂದು ಭಾನುವಾರ ದಂಪತಿಗಳಿಬ್ಬರೂ ಕುಳಿತು ಒಂದು ಹಾಳೆಯಲ್ಲಿ ಬರೆಯಬಹುದಾದ ಕೆಲಸ ಇದು.

೧. ಇರುವುದನ್ನೆಲ್ಲ ಪಟ್ಟಿ ಮಾಡಿ. ಸಂಬಳ, ಮನೆ, ಊರಿನ ಆಸ್ತಿ, ಎಲ್ಲ ಖಾತೆಗಳು. ಸಂಬಳವನ್ನು ಮರೆಯಬೇಡಿ.

೨. ಪ್ರತಿಯೊಂದರ ಎದುರು ‘ಇದು ಏನಾದರೆ ಬೀಳುತ್ತದೆ?’ ಎಂಬ ಪ್ರಶ್ನೆಗೆ ಒಂದು ಸಾಲಿನ ಉತ್ತರ ಬರೆಯಿರಿ. ಒಂದೇ ಉತ್ತರ ಎಷ್ಟು ಸಲ ಬಂತೆಂದು ಎಣಿಸಿ. ಯಂತ್ರದ ಲೆಕ್ಕಕ್ಕಿಂತ ಇದು ಹೆಚ್ಚು ತಿಳಿಸುತ್ತದೆ.

೩. ಕಂಪನಿ ಕೊಟ್ಟ ಷೇರಿನ ಬಗ್ಗೆ ಮೋಹ ಬೇಡ. ಸಂಬಳದ ಭಾಗವಾಗಿ ಬರುವ ಷೇರು ಕೈಗೆ ಬಂದ ದಿನವೇ ಅದರ ಬೆಲೆ ಸಂಬಳವೆಂದು ಲೆಕ್ಕವಾಗಿ ತೆರಿಗೆಗೆ ಒಳಪಡುತ್ತದೆ. ಕೂಡಲೇ ಮಾರಿದರೆ ಹೊಸದಾಗಿ ತೆರಿಗೆ ಬೀಳುವುದು ಅಷ್ಟರಲ್ಲಿ ಏರಿದ ಬೆಲೆಗೆ ಮಾತ್ರ. ಅಷ್ಟೇ ಹಣವನ್ನು ನಗದಾಗಿ ಕೊಟ್ಟಿದ್ದರೆ ಅದರಿಂದ ಈ ಷೇರನ್ನೇ ಕೊಳ್ಳುತ್ತಿದ್ದೆವೇ ಎಂದು ಕೇಳಿಕೊಂಡರೆ ಉತ್ತರ ಸಿಗುತ್ತದೆ. ರಿಯಾಯಿತಿ ಬೆಲೆಯಲ್ಲಿ ಕೊಳ್ಳುವ ಯೋಜನೆಗಳ ತೆರಿಗೆ ನಿಯಮ ಬೇರೆ. ಅದನ್ನು ವಿಚಾರಿಸಿ ಮಾಡಿ.

೪. ಕೆಲಸ ಹೋದರೆ ಆರು ತಿಂಗಳು, ವೀಸಾದಲ್ಲಿರುವವರಾದರೆ ಅದಕ್ಕೂ ಹೆಚ್ಚು ಕಾಲದ ಖರ್ಚು, ಪೇಟೆಯ ಗೊಡವೆಯಿಲ್ಲದ ಜಾಗದಲ್ಲಿರಲಿ. ಇದರಿಂದ ಲಾಭ ಬರಲಿ ಎಂಬ ಆಸೆ ಬೇಡ. ಅರವತ್ತು ದಿನಗಳ ಗಡಿಯಾರ ಓಡುವಾಗ ಬಿದ್ದ ಬೆಲೆಗೆ ಷೇರು ಮಾರದಂತೆ ಕಾಯುವುದೇ ಇದರ ಲಾಭ.

೫. ಹೊಸ ಫಂಡು ಕೊಳ್ಳುವ ಮೊದಲು ಅದರ ಮೊದಲ ಹತ್ತು ಕಂಪನಿಗಳ ಹೆಸರು ಓದಿ. ಇರುವ ಫಂಡಿನಲ್ಲಿ ಅವೇ ಇದ್ದರೆ ಹೊಸ ಬುಟ್ಟಿ ಬೇಕಿಲ್ಲ. ಕಂಪ್ಯೂಟರಿನಿಂದ ಸಂಬಳ ತರುವ ಮನೆಗೆ ಇಡೀ ಪೇಟೆಯ ಫಂಡು, ಹೊರದೇಶದ ಫಂಡು, ಸರ್ಕಾರಿ ಬಾಂಡು ಇವು ಇನ್ನೊಂದು ನ್ಯಾಸ್‌ಡಾಕ್ ಫಂಡಿಗಿಂತ ಉಪಯುಕ್ತ. ವೈದ್ಯರ ಮನೆ, ಪ್ರಾಧ್ಯಾಪಕರ ಮನೆ ಇವುಗಳ ಲೆಕ್ಕ ಬೇರೆ. ಅವರ ಸಂಬಳ ಸ್ವಲ್ಪಮಟ್ಟಿಗೆ ಬಾಂಡಿನಂತೆ ಸ್ಥಿರ, ಅವರು ಷೇರಿನಲ್ಲಿ ಹೆಚ್ಚು ಇಡಬಲ್ಲರು.

೬. ವರ್ಷಕ್ಕೊಮ್ಮೆ, ಯುಗಾದಿಗೋ ದೀಪಾವಳಿಗೋ, ಹಂಚಿಕೆಯನ್ನು ಸರಿಮಾಡಿ. ಅರವತ್ತು ಷೇರು ನಲವತ್ತು ಬಾಂಡು ಎಂದು ಆರಂಭಿಸಿದ್ದು, ಷೇರು ಶೇಕಡಾ ೨೫ ಏರಿ ಬಾಂಡು ಹಾಗೆಯೇ ನಿಂತರೆ, ೬೫ಕ್ಕೆ ೩೫ ಆಗಿರುತ್ತದೆ. ಏರಿದ್ದರಲ್ಲಿ ಸ್ವಲ್ಪ ತೆಗೆದು ಇಳಿದದ್ದಕ್ಕೆ ಹಾಕಬೇಕು. ೪೦೧ ಕೆ ಖಾತೆಯೊಳಗೆ ಮಾಡಿದರೆ ಆಗಲೇ ತೆರಿಗೆ ಬೀಳುವುದಿಲ್ಲ.

ಒಂದು ವಿಷಯಕ್ಕೆ ಮನಸ್ಸು ಗಟ್ಟಿಮಾಡಿಕೊಂಡಿರಬೇಕು. ಸರಿಯಾಗಿ ಹಂಚಿದ ಗಂಟಿನಲ್ಲಿ ಯಾವಾಗಲೂ ಏನಾದರೊಂದು ಮುಖ ಗಂಟಿಕ್ಕಿಕೊಂಡು ಕುಳಿತಿರುತ್ತದೆ. ಒಂದು ವರ್ಷ ಬಾಂಡು, ಒಂದು ವರ್ಷ ಹೊರದೇಶ, ಒಂದು ವರ್ಷ ಚಿನ್ನ. ಸ್ನೇಹಿತರು ಒಂದೇ ಷೇರಿನಲ್ಲಿ ಗಳಿಸಿದ ಕತೆ ಹೇಳುವಾಗ ನಮ್ಮದು ಪೆದ್ದುತನ ಎನಿಸುತ್ತದೆ. ಎಲ್ಲವೂ ಒಟ್ಟಿಗೆ ಏರುತ್ತಿದ್ದರೆ ಸಂತೋಷದ ಜೊತೆಗೆ ಸ್ವಲ್ಪ ಅನುಮಾನವೂ ಇರಲಿ. ಒಟ್ಟಿಗೆ ಏರಿದ್ದು ಒಟ್ಟಿಗೇ ಇಳಿಯಬಲ್ಲದು. ಲೆಕ್ಕದ ಪಿತಾಮಹರಾದ ಮಾರ್ಕೊವಿಟ್ಜ್ ಅವರೇ ತಮ್ಮ ನಿವೃತ್ತಿಯ ಹಣವನ್ನು ಹಂಚುವಾಗ ಸೂತ್ರ ಹಾಕದೆ ಅರ್ಧ ಷೇರು, ಅರ್ಧ ಬಾಂಡು ಎಂದು ಇಟ್ಟಿದ್ದರು. ಮುಂದೆ ಯಾವುದು ಏರಿದರೂ ಬಿದ್ದರೂ ಪಶ್ಚಾತ್ತಾಪ ಕಡಿಮೆಯಾಗಲಿ ಎಂಬುದು ಅವರ ಎಣಿಕೆ. ರಾತ್ರಿ ನಿದ್ದೆ ಬರುವಷ್ಟು 
ಸರಿಯಾಗಿದ್ದರೆ ಹಂಚಿಕೆ ಸರಿಯಾಗಿದೆ ಎಂದೇ ನಾವೂ ಹೇಳುತ್ತೇವೆ.

ಇಲ್ಲಿ ಬರೆದದ್ದು ಸಾಮಾನ್ಯ ತಿಳುವಳಿಕೆಗಾಗಿ. ಪ್ರತಿ ಮನೆಯ ಲೆಕ್ಕ ಬೇರೆ. ತೆರಿಗೆಯ ವಿಷಯದಲ್ಲಂತೂ ಬಲ್ಲವರನ್ನು ಕೇಳಿಯೇ ಮುಂದುವರಿಯಬೇಕು. ಸದಸ್ಯರು ತಮ್ಮ ಪಟ್ಟಿ ಮಾಡಿ, ಹೆಸರು ಮೊತ್ತಗಳನ್ನು ಬಿಟ್ಟು, ಒಂದೇ ಉತ್ತರ ಎಷ್ಟು ಸಲ ಬಂತೆಂಬುದನ್ನಷ್ಟೇ ಸಂಪಾದಕರಿಗೆ ಬರೆದು ತಿಳಿಸಿದರೆ, ನಮ್ಮ ಕೂಟದ ಬುಟ್ಟಿಗಳೆಲ್ಲ ಎಷ್ಟು ಗಾಡಿಗಳಲ್ಲಿವೆ ಎಂದು ಮುಂದಿನ ಸಂಚಿಕೆಯಲ್ಲಿ ಹೇಳಬಹುದು.